ಬಿಗ್ ಡ್ಯಾಡಿಯ ಬೆನ್ನ ಹಿಂದೆ

ಮೊದಮೊದಲು ಈ ಹಾಡುಗಳನ್ನು ಬೆರಳು ಮಡಿಚಿಕೊಂಡು ಎಣಿಸುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದು, ಎರಡು, ಮೂರು, ನಾಲ್ಕು. ಲೆಕ್ಕ ಕೂತಿತು ಅಂದುಕೊಳ್ಳುವಷ್ಟರಲ್ಲಿ ಹಾಡುವ ಅಜ್ಜ ಒಂದು ಸೊಲ್ಲನ್ನು ಎರಡು ಪೆಟ್ಟು ಹೆಚ್ಚಿಗೆ ಎಳೆದುಬಿಡುತ್ತಿದ್ದರು, ಮುಂದಿನದನ್ನು ಒಂದು ಪೆಟ್ಟು ಮೊದಲೇ ಎತ್ತಿಕೊಳ್ಳುತ್ತಿದ್ದರು. ನನ್ನ ಬೆರಳು ತಪ್ಪುತ್ತಿತ್ತು. ಹಿಂದೆ ಕೂತ ಡ್ರಮ್ ತಪ್ಪುತ್ತಿರಲಿಲ್ಲ. ಅಜ್ಜ ಎಲ್ಲಿ ತಿರುಗುತ್ತಾರೋ ಅಲ್ಲಿ ಅದು ಆಗಲೇ ಹೋಗಿ ನಿಂತಿರುತ್ತಿತ್ತು, ಹೆಜ್ಜೆ ಸದ್ದು ಗುರುತು ಹಿಡಿದು ಬಾಗಿಲು ತೆಗೆದಿಟ್ಟವರ ಹಾಗೆ.

ಆ ಅಜ್ಜ ಆರ್.ಎಲ್. ಬರ್ನ್‌ಸೈಡ್. ಅಮೆರಿಕದ ಉತ್ತರ ಮಿಸಿಸಿಪ್ಪಿಯ ಗುಡ್ಡಗಾಡಿನಲ್ಲಿ ಬ್ಲೂಸ್, ಅಂದರೆ ಅಲ್ಲಿನ ಕರಿಯ ಜನರ ನಡುವೆ ಹುಟ್ಟಿದ ಸಂಗೀತ, ಹಾಡುತ್ತಿದ್ದವರು. 2001ರ ಜನವರಿಯಲ್ಲಿ ಆರಿಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಅವರು ನಡೆಸಿಕೊಟ್ಟ ಕಛೇರಿಯ ಧ್ವನಿಮುದ್ರಣ ‘ಬರ್ನ್‌ಸೈಡ್ ಆನ್ ಬರ್ನ್‌ಸೈಡ್’ ಎಂಬ ಹೆಸರಿನಲ್ಲಿ ಬಂದಿದೆ. ಆಗ ಅವರಿಗೆ 74 ವರ್ಷ. ವೇದಿಕೆಯ ಮೇಲೆ ಇರುವುದು ಮೂರೇ ಜನ: ಅವರು, ಎರಡನೇ ಗಿಟಾರಿಗೆ ಕೆನ್ನಿ ಬ್ರೌನ್, ಡ್ರಮ್ಸ್‌ಗೆ ಇಪ್ಪತ್ತೆರಡರ ಹುಡುಗ ಸೆಡ್ರಿಕ್ ಬರ್ನ್‌ಸೈಡ್, ಅವರ ಮೊಮ್ಮಗ. ಬೇಸ್ ಗಿಟಾರ್ ಇಲ್ಲ. ಸಾಮಾನ್ಯವಾಗಿ ಇಂಥ ವಾದ್ಯವೃಂದದಲ್ಲಿ ಡ್ರಮ್ಸ್‌ಗೂ ಗಿಟಾರಿಗೂ ನಡುವೆ ಸೇತುವೆಯಾಗಿ ನಿಲ್ಲುವುದು ಬೇಸ್. ಅದೇ ಇಲ್ಲವೆಂದರೆ ಅಜ್ಜನ ಕಾಲ ಪ್ರಮಾಣವನ್ನು ಹೊರಬೇಕಾದದ್ದು ಮೊಮ್ಮಗನೊಬ್ಬನೇ.

ಇವತ್ತು ಸೆಡ್ರಿಕ್‌ರನ್ನು ಜನ ಗುರುತಿಸುವುದು ಗಿಟಾರ್ ವಾದಕರಾಗಿ, ಹಾಡುಗಾರರಾಗಿ. 2022ರಲ್ಲಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿ ಬಂತು. ಅದರ ಹಿಂದಿನ ವರ್ಷ ಅಮೆರಿಕ ಸರ್ಕಾರ ಜನಪದ ಮತ್ತು ಪರಂಪರೆಯ ಕಲೆಗಳಿಗೆ ಕೊಡುವ ಅತಿ ದೊಡ್ಡ ಗೌರವವಾದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು. ಅಜ್ಜನ ಪರಂಪರೆಯನ್ನು ಮುಂದುವರಿಸಿದ ಮೊಮ್ಮಗ ಎಂದು ಎಲ್ಲರೂ ಬರೆಯುತ್ತಾರೆ. ಅಜ್ಜನಿಂದ ಅವರಿಗೆ ಬಂದದ್ದು ಏನು ಎಂಬ ಪ್ರಶ್ನೆ ನನ್ನನ್ನು ವರ್ಷಗಳಿಂದ ಕಾಡುತ್ತಿದೆ. ಹಾಡುಗಳು ಯಾರಿಗಾದರೂ ಬರುತ್ತವೆ, ರೆಕಾರ್ಡ್ ಇವೆ. ಗಿಟಾರಿನ ಪಟ್ಟುಗಳನ್ನು ಟೋಕಿಯೋದಲ್ಲಿ ಕೂತವರೂ ಕಲಿಯಬಹುದು, ಕಲಿತೂ ಇದ್ದಾರೆ. ಬೆನ್ನ ಹಿಂದೆ ಕೂತು ವರ್ಷಗಟ್ಟಲೆ ಇನ್ನೊಬ್ಬರ ಉಸಿರು ಕಾದವನಿಗೆ ಮಾತ್ರ ಸಿಗುವಂಥದ್ದು ಇನ್ನೇನೋ ಇದೆ. ನನಗೆ ಅದರ ಒಂದು ಚೂರು ಬೇರೆ ದಾರಿಯಿಂದ ಗೊತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕೆಲಸದ ಮೇಲೆ ಕೆಲವು ವರ್ಷ ಟೆನೆಸ್ಸೀ ರಾಜ್ಯದ ಮೆಂಫಿಸ್‌ನಲ್ಲಿದ್ದೆ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಹಾಲಿ ಸ್ಪ್ರಿಂಗ್ಸ್ ಎಂಬ ಸಣ್ಣ ಊರು. ರಾಜ್ಯದ ಗಡಿ ದಾಟಿದ ಮೇಲೆ ನೆಲ ಅಲೆಯಲೆಯಾಗಿ ಏಳಲು ಶುರುವಾಗುತ್ತದೆ. ಕೆಂಪು ಮಣ್ಣು, ಪೈನ್ ಮರಗಳು, ಎಲ್ಲೆಲ್ಲೂ ಕುಡ್ಜು ಬಳ್ಳಿ. ಮಣ್ಣು ಕೊಚ್ಚಿಹೋಗುವುದನ್ನು ತಡೆಯಲಿ ಎಂದು ಜಪಾನಿನಿಂದ ಬಂದ ಆ ಬಳ್ಳಿಯನ್ನು ಒಂದು ಕಾಲದಲ್ಲಿ ಇಲ್ಲಿ ನೆಟ್ಟರು. ಈಗ ಅದು ಮರ, ಕಂಬ, ಪಾಳುಬಿದ್ದ ಮನೆ ಯಾವುದನ್ನೂ ಬಿಡದೆ ಮುಚ್ಚಿಬಿಟ್ಟಿದೆ. ಬ್ಲೂಸ್ ಎಂದರೆ ಎಲ್ಲರೂ ಮಾತಾಡುವ ಮಿಸಿಸಿಪ್ಪಿ ಡೆಲ್ಟಾ ಇದಲ್ಲ. ಅದು ಪಶ್ಚಿಮಕ್ಕಿದೆ, ಅಂಗೈಯಂತೆ ಚಪ್ಪಟೆ, ನದಿ ತಂದು ಹಾಕಿದ ಕಪ್ಪು ಮಣ್ಣು, ಕಣ್ಣು ಹಾಯುವಷ್ಟು ದೂರ ಹತ್ತಿ ತೋಟ. ಗುಡ್ಡದ ಮಣ್ಣು ಬಡ ಮಣ್ಣು. ಹೊಲಗಳು ಸಣ್ಣವು, ಮನೆಗಳು ಒಂದಕ್ಕೊಂದು ದೂರ. ಡೆಲ್ಟಾದ ಗಿಟಾರಿಗರು ರೈಲು ಹತ್ತಿ ಶಿಕಾಗೋಗೆ ಹೋಗಿ ಹೆಸರು ಮಾಡಿದರು. ಗುಡ್ಡದವರ ಸಂಗೀತ ಬಹಳ ಕಾಲ ಗುಡ್ಡದಲ್ಲೇ ಉಳಿಯಿತು.

ಉಳಿದದ್ದರಿಂದಲೇ ಅದು ಬೇರೆ ರೀತಿಯದಾಗಿ ಉಳಿಯಿತೋ ಏನೋ. ಬ್ಲೂಸ್ ಕಲಿಸುವವರು 12 ಬಾರ್‌ಗಳ, ಅಂದರೆ ತಾಳದ 12 ಸಣ್ಣ ಸುತ್ತುಗಳ, ಲೆಕ್ಕದಿಂದ ಪಾಠ ಶುರುಮಾಡುತ್ತಾರೆ. ಮೂರು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು), ಇಂತಿಷ್ಟು ಬಾರ್ ಆದ ಮೇಲೆ ಇಂಥ ಕಾರ್ಡ್‌ಗೆ ಹೋಗಬೇಕು, ಕೊನೆಗೆ ಮೊದಲಿನದಕ್ಕೆ ಮರಳಬೇಕು. ಗುಡ್ಡಗಾಡಿನ ಬ್ಲೂಸ್‌ನಲ್ಲಿ ಎಷ್ಟೋ ಹಾಡುಗಳು ಒಂದೇ ಕಾರ್ಡ್ ಮೇಲೆ ನಿಲ್ಲುತ್ತವೆ. ಕೆಳಗಿನ ತಂತಿಯ ನಾದ ಬಿಡದೆ ಗುಂಯ್ಗುಡುತ್ತದೆ, ಅದರ ಮೇಲೆ ಒಂದು ಸಣ್ಣ ನುಡಿ ಮತ್ತೆ ಮತ್ತೆ ಸುತ್ತುತ್ತದೆ, ಹಾಡುವ ದನಿ ಗಿಟಾರಿನ ಜೊತೆಗೇ ಅದೇ ಸ್ವರದ ಮೇಲೆ ನಡೆಯುತ್ತದೆ. ಪಾಶ್ಚಾತ್ಯ ಸಂಗೀತ ಕಲಿತ ಗೆಳೆಯನೊಬ್ಬ ಮೊದಲ ಸಲ ಕೇಳಿದಾಗ, ‘ಇದು ಯಾವಾಗ ಬದಲಾಗುತ್ತದೆ?’ ಎಂದು ಕೇಳಿದ. ತಂಬೂರಿಯ ಶ್ರುತಿ ಕೇಳಿಕೊಂಡು ಬೆಳೆದ ನನಗೆ ಆ ಪ್ರಶ್ನೆ ಹುಟ್ಟಲೇ ಇಲ್ಲ. ಎರಡು ಸಂಗೀತಗಳ ನಡುವೆ ನಂಟು ಕಟ್ಟಲು ಹೊರಟಿಲ್ಲ, ಅವುಗಳ ಬೇರು ಬೇರೆ ಬೇರೆ. ನಿಂತ ಆಧಾರದ ಮೇಲೆ ಚಲಿಸುವುದನ್ನು ಕೇಳುವ ಅಭ್ಯಾಸ ಕಿವಿಗೆ ಮೊದಲೇ ಇತ್ತು, ಅಷ್ಟೇ.

ತಾಳದ ಮೂಲ ಇನ್ನೊಂದು ಕಡೆ ಇದೆ. ಈ ಗುಡ್ಡಗಳಲ್ಲಿ ಕರಿಯ ಜನರ ಕೊಳಲು-ನಗಾರಿ ಮೇಳಗಳು ಇಪ್ಪತ್ತನೇ ಶತಮಾನದ ಉದ್ದಕ್ಕೂ ಉಳಿದುಕೊಂಡು ಬಂದವು. ಬೇಸಿಗೆಯ ಪಿಕ್ನಿಕ್‌ಗಳಲ್ಲಿ ಮೇಕೆ ಮಾಂಸ ಬೇಯುತ್ತಿರುವಾಗ ಒಬ್ಬರು ಬಿದಿರಿನ ಕೊಳಲು ಊದುತ್ತಾರೆ, ಹಿಂದೆ ಮೂರು ನಾಲ್ಕು ಜನ ಕೊರಳಿಗೆ ಡ್ರಮ್ ನೇತುಹಾಕಿಕೊಂಡು ಬಾರಿಸುತ್ತ ಜನರ ನಡುವೆ ಸುತ್ತುತ್ತಾರೆ. ಗ್ರಾವೆಲ್ ಸ್ಪ್ರಿಂಗ್ಸ್‌ನ ಓಥಾ ಟರ್ನರ್ ಕಾಡಿನಿಂದ ಬಿದಿರು ಕಡಿದು ತಂದು, ಕಾದ ಕಬ್ಬಿಣದ ಸಲಾಕೆಯಿಂದ ಸುಟ್ಟು ತೂತು ಕೊರೆದು ತಾವೇ ಕೊಳಲು ಮಾಡಿಕೊಳ್ಳುತ್ತಿದ್ದರು. ಆ ಮೇಳದ ಡ್ರಮ್‌ಗಳನ್ನು ಕೇಳಿದ ಮೇಲೆ ಬರ್ನ್‌ಸೈಡ್‌ರ ಗಿಟಾರ್ ಕೇಳಿ. ಆರು ತಂತಿಯ ಮೇಲೆ ಅದೇ ನಗಾರಿ ನಡೆಯುತ್ತಿರುತ್ತದೆ. ಹೆಬ್ಬೆರಳು ದೊಡ್ಡ ಡ್ರಮ್, ಉಳಿದ ಬೆರಳು ಚಿಕ್ಕ ಡ್ರಮ್.

ಓಥಾ ಟರ್ನರ್ 2003ರ ಫೆಬ್ರುವರಿ 27ರಂದು ತೀರಿಕೊಂಡರು. ಅದೇ ದಿನ ಅವರ ಮಗಳು ಬರ್ನಿಸ್ ಕೂಡ ತೀರಿಕೊಂಡರು. ಇಬ್ಬರ ಶವಯಾತ್ರೆಯ ಮುಂದೆ ಕೊಳಲು ಊದಿಕೊಂಡು ನಡೆದದ್ದು ಅವರ ಮೊಮ್ಮಗಳು ಶಾರ್ಡೆ ಥಾಮಸ್. ಹನ್ನೆರಡರ ಆಸುಪಾಸಿನ ಹುಡುಗಿ. ಆಮೇಲೆ ಅಜ್ಜನ ಮೇಳವನ್ನು ಅವಳೇ ನಡೆಸಿದಳು.

ಅದಕ್ಕೂ ಹಿಂದಿನ ಒಂದು ಜೋಡಿ ಇದೆ. 1942ರಲ್ಲಿ ಜನಪದ ಸಂಗೀತದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಧ್ವನಿಮುದ್ರಿಸಿಕೊಂಡ ಕುರುಡು ಸಂಗೀತಗಾರ ಸಿಡ್ ಹೆಂಫಿಲ್, ಅವರ ಮೊಮ್ಮಗಳು ಜೆಸ್ಸಿ ಮೇ ಹೆಂಫಿಲ್. ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಕಾಲಿಗೆ ಗೆಜ್ಜೆಯಂಥದ್ದು ಕಟ್ಟಿಕೊಂಡು ಒಬ್ಬರೇ ಕಛೇರಿ ನಡೆಸುತ್ತಿದ್ದ ಹೆಂಗಸು. ಈ ಮೂರು ಮನೆತನಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅಜ್ಜನ ಕೈಯಿಂದ ನೇರ ಮೊಮ್ಮಕ್ಕಳ ಕೈಗೆ ಹೋದ ಹಾಗೆ ಕಾಣುತ್ತದೆ. ನಡುವಿನ ತಲೆಮಾರು ಎಲ್ಲಿ ಹೋಯಿತು? 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕರಿಯ ಜನ ದಕ್ಷಿಣ ಬಿಟ್ಟು ಉತ್ತರದ, ಪಶ್ಚಿಮದ ಊರುಗಳಿಗೆ ಹೋದರು. ಹೋಗದವರು ದುಡಿಮೆಯಲ್ಲಿ ಮುಳುಗಿದ್ದರು. ಮಕ್ಕಳನ್ನು ಎದುರಿಗೆ ಕೂರಿಸಿಕೊಳ್ಳುವಷ್ಟು ಬಿಡುವು ಸಿಗುವುದು ಅಜ್ಜನಾದ ಮೇಲೆ. ಇದು ನನ್ನ ಊಹೆ, ಬರ್ನ್‌ಸೈಡ್ ಮನೆಗೆ ಪೂರ್ತಿ ಹೊಂದುವುದೂ ಇಲ್ಲ. ಅಲ್ಲಿ ನಡುವಿನ ತಲೆಮಾರೂ ಗಿಟಾರ್ ಹಿಡಿದಿತ್ತು. ಮಗ ಡುವೇಯ್ನ್ ಒಳ್ಳೆಯ ಗಿಟಾರಿಗರು, ಇನ್ನೊಬ್ಬ ಮಗ ಗ್ಯಾರಿ ನೆರೆಯ ಬ್ಲೂಸ್ ಹಾಡುಗಾರ ಜೂನಿಯರ್ ಕಿಂಬ್ರೋ ಅವರ ಹತ್ತಿರ ಬೇಸ್ ನುಡಿಸಿದವರು. ಆದರೂ ಊಹೆಯನ್ನು ಬಿಡಲು ಮನಸ್ಸಾಗುವುದಿಲ್ಲ.

ಆರ್.ಎಲ್. ಹುಟ್ಟಿದ್ದು 1926ರಲ್ಲಿ. ಕಲಿತದ್ದು ಹೆಚ್ಚಾಗಿ ನೆರೆಯವರಾದ ‘ಮಿಸಿಸಿಪ್ಪಿ’ ಫ್ರೆಡ್ ಮೆಕ್‌ಡೊವೆಲ್‌ರನ್ನು ನೋಡಿ. ದನದ ಪಕ್ಕೆಲುಬಿನ ಮೂಳೆ ತುಂಡನ್ನು ಉಜ್ಜಿ ನುಣುಪು ಮಾಡಿ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದವರು ಮೆಕ್‌ಡೊವೆಲ್. ಸೊಲ್ಲಿನ ಮೊದಲರ್ಧ ಹಾಡಿ, ಉಳಿದದ್ದನ್ನು ತಂತಿಯ ಬಾಯಲ್ಲಿ ಹೇಳಿಸುತ್ತಿದ್ದರು. ಹೊಲದಲ್ಲಿ ಹತ್ತಿ ಬಿಡಿಸಿ ಬದುಕುತ್ತಿದ್ದ ಅವರನ್ನು 1959ರಲ್ಲಿ ಲೋಮ್ಯಾಕ್ಸ್ ಧ್ವನಿಮುದ್ರಿಸಿಕೊಂಡ ಮೇಲೆ ಹೊರಜಗತ್ತಿಗೆ ಗೊತ್ತಾಯಿತು. ಕೋಮೋ ಊರಿನ ಹತ್ತಿರದ ಅವರ ಸಮಾಧಿಗೆ ಹೋಗಿದ್ದೆ. 1972ರಲ್ಲಿ ತೀರಿಕೊಂಡಾಗ ಕಲ್ಲಿನ ಮೇಲೆ ಅವರ ಹೆಸರನ್ನೇ ತಪ್ಪು ಕೆತ್ತಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ, 1993ರಲ್ಲಿ, ಅವರಿಂದ ಸ್ಲೈಡ್ ಗಿಟಾರ್ ಕಲಿತ ಹಾಡುಗಾರ್ತಿ ಬಾನಿ ರೇಟ್ ಹೊಸ ಕಲ್ಲಿನ ಖರ್ಚು ಕೊಟ್ಟರು.

ಆರ್.ಎಲ್. ಕೂಡ ಯೌವನದಲ್ಲಿ ಶಿಕಾಗೋಗೆ ಹೋದರು. ಕಾರ್ಖಾನೆಯಲ್ಲಿ ದುಡಿದರು. ಆಗ ಶಿಕಾಗೋ ಬ್ಲೂಸ್‌ನ ದೊರೆಯಾಗಿದ್ದ ಮಡ್ಡಿ ವಾಟರ್ಸ್ ಮದುವೆಯ ಕಡೆಯಿಂದ ಇವರಿಗೆ ನೆಂಟರು. ಮನೆಗೆ ಹೋಗಿ ಕೂತು ಅವರ ನುಡಿಸಾಟ ನೋಡುವ ಅವಕಾಶ ಇತ್ತು. ಅಲ್ಲೇ ನಿಂತಿದ್ದರೆ ಇನ್ನೊಬ್ಬ ಶಿಕಾಗೋ ಬ್ಲೂಸ್‌ಗಾರ ಆಗುತ್ತಿದ್ದರೋ ಏನೋ. ಆದರೆ ಆ ನಗರದಲ್ಲಿ ಅವರ ತಂದೆ ಕೊಲೆಯಾದರು. ಇಬ್ಬರು ಸಹೋದರರು ಕೊಲೆಯಾದರು. ಎಲ್ಲ ಬಹಳ ಕಡಿಮೆ ಸಮಯದ ಅಂತರದಲ್ಲಿ. 2000ರಲ್ಲಿ ಬಂದ ಆಲ್ಬಂ ಒಂದರಲ್ಲಿ ಈ ಕಥೆಯನ್ನು ಅವರು ತಮ್ಮ ಬಾಯಲ್ಲೇ ಹೇಳಿದ್ದಾರೆ. ಗಿಟಾರ್ ಮೆಲ್ಲಗೆ ಆಡುತ್ತಿರುತ್ತದೆ, ದನಿಯಲ್ಲಿ ಏರಿಳಿತ ಇರುವುದಿಲ್ಲ. ಮೊದಲ ಸಲ ಕೇಳಿದ ರಾತ್ರಿ ನಾನು ಅದನ್ನು ಅರ್ಧಕ್ಕೆ ನಿಲ್ಲಿಸಿ ಹೊರಗೆ ಹೋಗಿ ನಿಂತಿದ್ದೆ. ಅವರು ಗುಡ್ಡಕ್ಕೆ ಮರಳಿದರು. ಬದುಕು ಅಲ್ಲಿಯೂ ಮೆದುವಾಗಿರಲಿಲ್ಲ. ಜೂಜಿನ ಜಗಳದಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಂದು ಪಾರ್ಚ್‌ಮನ್ ಜೈಲು ಕಂಡರು. ಹೊರಬಂದು ಟ್ರ್ಯಾಕ್ಟರ್ ಓಡಿಸಿದರು, ಹೊಲ ಮಾಡಿದರು, ಮೀನು ಹಿಡಿದರು, ಹೆಂಡತಿ ಆಲಿಸ್ ಮೇ ಜೊತೆ ಹನ್ನೆರಡಕ್ಕೆ ಕಡಿಮೆಯಿಲ್ಲದ ಮಕ್ಕಳನ್ನು ಸಾಕಿದರು. ವಾರದ ಕೊನೆಗೆ ಮನೆಯಲ್ಲೇ ಗಿಟಾರ್.

1967ರಲ್ಲಿ ಜಾರ್ಜ್ ಮಿಚೆಲ್ ಎಂಬ ಸಂಗ್ರಾಹಕ ಬಂದು ಧ್ವನಿಮುದ್ರಿಸಿಕೊಂಡಾಗ ಅವರು ತೊರೆದು ಬಂದ ಶಿಕಾಗೋದ ಸುಳಿವೂ ಆ ನುಡಿಸಾಟದಲ್ಲಿ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಕ್ಕಳಾದ ಜೋಸೆಫ್, ಡ್ಯಾನಿಯಲ್ ಇವರ ಜೊತೆ ಸೇರಿ ಸೌಂಡ್ ಮಷೀನ್ ಎಂಬ ತಂಡ ಕಟ್ಟಿದರು. ಅದರ ಡ್ರಮ್ಮರ್ ಅಳಿಯ ಕ್ಯಾಲ್ವಿನ್ ಜ್ಯಾಕ್ಸನ್. ಈ ಹೆಸರು ನೆನಪಿಡಬೇಕು, ಯಾಕೆಂದರೆ ಸೆಡ್ರಿಕ್ ಇವರ ಮಗ. ದೊಡ್ಡ ಹೆಸರು ಬಂದದ್ದು ಮಾತ್ರ ಅರವತ್ತೈದು ದಾಟಿದ ಮೇಲೆ. ಮಿಸಿಸಿಪ್ಪಿಯದೇ ಆದ ಆಕ್ಸ್‌ಫರ್ಡ್ ಊರಿನ ಹುಡುಗರು ತೊಂಬತ್ತರ ದಶಕದ ಆರಂಭದಲ್ಲಿ ಶುರುಮಾಡಿದ ಫ್ಯಾಟ್ ಪಾಸಮ್ ಕಂಪನಿ ಅವರ ರೆಕಾರ್ಡ್‌ಗಳನ್ನು ತಂದಿತು. 1994ರ ಆಲ್ಬಂನಲ್ಲೂ ಹಿಂದೆ ಕೂತದ್ದು ಕ್ಯಾಲ್ವಿನ್.

ಅಂದರೆ ಆ ಜಾಗದಲ್ಲಿ ಸೆಡ್ರಿಕ್‌ಗಿಂತ ಮೊದಲು ಅವರ ಅಪ್ಪ ಇದ್ದರು. ಇದು ಗೊತ್ತಾದ ದಿನ ನನಗೆ ಏನೋ ಒಂದು ಗಂಟು ಬಿಚ್ಚಿದ ಹಾಗಾಯಿತು. ಆ ಹುಡುಗ ಹುಟ್ಟಿದ್ದು 1978ರಲ್ಲಿ ಮೆಂಫಿಸ್‌ನಲ್ಲಿ, ಬೆಳೆದದ್ದು ಹಾಲಿ ಸ್ಪ್ರಿಂಗ್ಸ್ ಸುತ್ತಮುತ್ತ ಅಜ್ಜ ಅಜ್ಜಿಯ ಮನೆಯಲ್ಲಿ. ಮಕ್ಕಳಿಗೆಲ್ಲ ಅಜ್ಜ ‘ಬಿಗ್ ಡ್ಯಾಡಿ’, ಅಜ್ಜಿ ‘ಬಿಗ್ ಮಾಮಾ’. ಮನೆ ತುಂಬ ಜನ. ನಲ್ಲಿ ನೀರು ಇರಲಿಲ್ಲ, ಹೊರಗಿನಿಂದ ಹೊತ್ತು ತರಬೇಕಿತ್ತು. ವಾರದ ಕೊನೆ ಬಂದರೆ ಅಂಗಳದಲ್ಲಿ, ವರಾಂಡದಲ್ಲಿ ಸಂಗೀತ. ಒಳಗೆ ಅಪ್ಪ ಡ್ರಮ್ ಬಾರಿಸುತ್ತಿದ್ದಾರೆ, ಅಜ್ಜ ಹಾಡುತ್ತಿದ್ದಾರೆ, ಮಕ್ಕಳು ಬಕೆಟ್ ಡಬ್ಬ ಸಿಕ್ಕಿದ್ದನ್ನು ಬಡಿಯುತ್ತಿದ್ದಾರೆ. ಯಾರೂ ಯಾರಿಗೂ ಪಾಠ ಹೇಳಿದ ಹಾಗೆ ಕಾಣುವುದಿಲ್ಲ. ಹುಡುಗ ಹತ್ತರ ಹೊತ್ತಿಗೆ ಡ್ರಮ್ ಮುಂದೆ ಕೂರಲು ಶುರುಮಾಡಿದ, ಹದಿಮೂರಕ್ಕೆ ಅಜ್ಜನ ಜೊತೆ ಊರೂರು ಸುತ್ತಲು ಹೊರಟ.

ಆ ದಿನಗಳಲ್ಲಿ ಭಾನುವಾರ ಸಂಜೆ ಎಲ್ಲರೂ ಸೇರುತ್ತಿದ್ದ ಜಾಗ ಚುಲಹೋಮಾದ ಜೂಕ್ ಜಾಯಿಂಟ್. ಕರಿಯ ದುಡಿಯುವ ಜನ ಕುಡಿದು ಕುಣಿದು ವಾರದ ದಣಿವು ಕಳೆಯುತ್ತಿದ್ದ ಇಂಥ ಕೊಟ್ಟಿಗೆಗಳು ಆ ಕಡೆಯ ಊರೂರಲ್ಲೂ ಇದ್ದವು. ಇದು ಜೂನಿಯರ್ ಕಿಂಬ್ರೋ ನಡೆಸುತ್ತಿದ್ದದ್ದು. ಕಿಂಬ್ರೋ 1998ರಲ್ಲಿ ತೀರಿಕೊಂಡ ಮೇಲೆ ಅವರ ಮಕ್ಕಳು ಎರಡು ವರ್ಷ ನಡೆಸಿದರು. 2000ದ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ನಾಲ್ಕನೇ ನಂಬರಿನ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ನಾನು ಆ ಜಾಗ ಹುಡುಕಿದೆ. ಇದೇ ಇರಬಹುದು ಅನಿಸಿದ ಕಡೆ ಹುಲ್ಲು ಎದೆಯುದ್ದ ಬೆಳೆದಿತ್ತು. ಜೀರುಂಡೆಗಳು ಕಿವಿಗಡಚಿಕ್ಕುವ ಹಾಗೆ ಕೂಗುತ್ತಿದ್ದವು. ಹತ್ತು ನಿಮಿಷ ನಿಂತು ವಾಪಸಾದೆ.

ಈಗ ನನ್ನ ಚೂರು. ನಮ್ಮ ತಾತ ತಿಪಟೂರಿನ ಕಡೆ ಒಂದು ಹಳ್ಳಿಯಲ್ಲಿ ಭಜನೆ ಮೇಳ ನಡೆಸುತ್ತಿದ್ದರು. ಧನುರ್ಮಾಸದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ರಾಮಮಂದಿರದಲ್ಲಿ ಭಜನೆ, ಆಮೇಲೆ ಬಿಸಿ ಹುಗ್ಗಿ. ಹಾರ್ಮೋನಿಯಂ ಅವರದು, ಸೊಲ್ಲು ಎತ್ತುವವರೂ ಅವರೇ. ಹಿಮ್ಮೇಳದಲ್ಲಿ ಆರೇಳು ಜನ. ನನ್ನ ಕೈಗೆ ತಾಳ ಕೊಟ್ಟು ತಮ್ಮ ಎಡಗಡೆ, ಅರ್ಧ ಮೊಳ ಹಿಂದೆ ಕೂರಿಸಿಕೊಳ್ಳುತ್ತಿದ್ದರು. ನನಗಾಗ ಎಂಟೋ ಒಂಬತ್ತೋ. ತಾತನಿಗೂ ಒಂದು ಅಭ್ಯಾಸವಿತ್ತು: ಇಷ್ಟವಾದ ಮಾತು ಬಂದರೆ ಅಲ್ಲೇ ನಿಂತುಬಿಡುವುದು. ಪುಸ್ತಕದಲ್ಲಿ ಇಷ್ಟೇ ಎಂದು ಬರೆದಿದ್ದರೂ ಅವರು ಅಲ್ಲಿ ಇನ್ನೊಂದು ಸುತ್ತು ಹಾಕುವವರೇ. ದೊಡ್ಡವರು ಎಷ್ಟೋ ಸಲ ಮುಂದೆ ಹೋಗಿ ಎಡವುತ್ತಿದ್ದರು. ನನಗೆ ಮೊದಲೇ ಗೊತ್ತಾಗುತ್ತಿತ್ತು. ನಿಲ್ಲುವ ಮುಂಚೆ ಅವರ ಎಡ ಭುಜ ಒಂದಿಷ್ಟು ಮೇಲೇಳುತ್ತಿತ್ತು, ತಿದಿ ಒತ್ತುವ ಕೈ ನಿಧಾನವಾಗುತ್ತಿತ್ತು. ಹಿಂದೆ ಕೂತವರಿಗೆ ಮಾತ್ರ ಕಾಣುವ ಸಂಗತಿ ಅದು. ಹೀಗೆ ಎಂದು ಅವರು ಹೇಳಿಕೊಟ್ಟಿರಲಿಲ್ಲ, ಅವರಿಗೇ ಅದು ಗೊತ್ತಿತ್ತೋ ಇಲ್ಲವೋ. ಅಪ್ಪ ಕೆಲಸಕ್ಕೆಂದು ಬೆಂಗಳೂರು ಸೇರಿದವರು ಭಜನೆಗೆ ಕೂತದ್ದನ್ನು ನಾನು ನೋಡಿಲ್ಲ. ನಾನೂ ಹಾಡು ಮುಂದುವರಿಸಲಿಲ್ಲ. ಆದರೆ ಸೆಡ್ರಿಕ್‌ರ ಡ್ರಮ್ ಕೇಳುವಾಗ ಆ ಭುಜ ನನಗೆ ಕಾಣುತ್ತದೆ.

ಅಜ್ಜನ ಹಾಡುಗಳ ನಡೆ ಯಾವ ಸಿದ್ಧ ಲೆಕ್ಕಕ್ಕೂ ಸಿಗುವುದಿಲ್ಲ, ಅನಿಸಿದಾಗ ತಿರುಗುತ್ತದೆ ಎಂಬರ್ಥದ ಮಾತನ್ನು ಸೆಡ್ರಿಕ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅನಿಸಿದ್ದು ಅಜ್ಜನಿಗೆ, ತಿರುಗಬೇಕಾದ್ದು ಮೊಮ್ಮಗ. ಹದಿಮೂರರಿಂದ ಇಪ್ಪತ್ತು ದಾಟುವ ತನಕ, ಹುಡುಗರು ತಮ್ಮ ಇಷ್ಟವನ್ನು ಕಂಡುಕೊಳ್ಳುವ ವಯಸ್ಸಿನಲ್ಲಿ, ರಾತ್ರಿ ರಾತ್ರಿ ಇನ್ನೊಬ್ಬರ ಇಷ್ಟವನ್ನು ಮುಂಚಿತವಾಗಿ ಅರಿಯುವ ಕೆಲಸ. ಇದನ್ನು ಶಿಕ್ಷಣ ಎಂದು ಕರೆದರೆ ಸಾಲದು. ಮೈಯೊಳಗೆ ಇನ್ನೊಬ್ಬರ ಗಡಿಯಾರ ಕೂರಿಸಿಕೊಂಡ ಹಾಗೆ.

ಆರ್.ಎಲ್. ಹೃದಯದ ತೊಂದರೆಯಿಂದ ಕೊನೆಯ ಕೆಲವು ವರ್ಷ ವೇದಿಕೆ ಬಿಟ್ಟರು. 2005ರ ಸೆಪ್ಟೆಂಬರ್ 1ರಂದು ಮೆಂಫಿಸ್‌ನಲ್ಲಿ ತೀರಿಕೊಂಡರು. ಕತ್ರಿನಾ ಚಂಡಮಾರುತ ಮಿಸಿಸಿಪ್ಪಿಯ ಕರಾವಳಿಯನ್ನೂ ನ್ಯೂ ಆರ್ಲಿಯನ್ಸನ್ನೂ ಕೆಡವಿ ಮೂರು ದಿನವಾಗಿತ್ತಷ್ಟೇ. ಸೆಡ್ರಿಕ್ ಆಗಲೇ ಒಳ್ಳೆಯ ಡ್ರಮ್ಮರ್ ಎಂದು ಹೆಸರಾಗಿದ್ದರು, ಆ ವಿಭಾಗದ ಬ್ಲೂಸ್ ಪ್ರಶಸ್ತಿಗಳು ಮುಂದೆ ಹಲವು ಸಲ ಬಂದವು. ಡ್ರಮ್ಮರ್ ಆಗಿಯೇ ಬದುಕು ಸಾಗುತ್ತಿತ್ತು. ಗಿಟಾರ್ ಅವರ ಕೈಗೆ ಗಟ್ಟಿಯಾಗಿ ಕೂತದ್ದು ತಡವಾಗಿ. ಮುಂದೆ ಅವರು ಟ್ರೆಂಟನ್ ಏಯರ್ಸ್ ಜೊತೆ ಇಬ್ಬರದೇ ತಂಡ ಕಟ್ಟಿದರು. ಟ್ರೆಂಟನ್‌ರ ತಂದೆ ಲಿಟ್ಲ್ ಜೋ ಏಯರ್ಸ್ ಕಿಂಬ್ರೋ ಅವರ ತಂಡದಲ್ಲಿದ್ದವರು. ಎರಡು ಮನೆಯ ಮಕ್ಕಳು ಸೇರಿ ತಂದ 2015ರ ಆಲ್ಬಂಗೆ ‘ಗುಡ್ಡನಾಡಿನ ವಂಶಸ್ಥರು’ ಎಂಬರ್ಥದ ಹೆಸರು. ಅದು ಗ್ರ್ಯಾಮಿಯ ಅಂತಿಮ ಪಟ್ಟಿಗೂ ಹೋಯಿತು.

ಒಂದು ಜೂನ್ ತಿಂಗಳ ಕೊನೆಯಲ್ಲಿ ವಾಟರ್‌ಫರ್ಡ್ ಹತ್ತಿರದ ಬಯಲಿನಲ್ಲಿ ಅವರನ್ನು ಕೇಳಿದೆ. ಕೆನ್ನಿ ಬ್ರೌನ್ ದಂಪತಿ 2006ರಿಂದ ನಡೆಸಿಕೊಂಡು ಬಂದ ಗುಡ್ಡಗಾಡಿನ ಬ್ಲೂಸ್ ಹಬ್ಬ ಅದು. ಕೆನ್ನಿಯದೂ ಒಂದು ಕಥೆಯೇ. ಆರ್.ಎಲ್. ತಮ್ಮ ಬಿಳಿಯ ಮಗ ಎಂದು ಕರೆದು ಮೂವತ್ತು ವರ್ಷಕ್ಕೆ ಹತ್ತಿರ ಪಕ್ಕದಲ್ಲಿ ನಿಲ್ಲಿಸಿಕೊಂಡ ಮನುಷ್ಯ. ಪರಂಪರೆ ಎಂದರೆ ರಕ್ತ ಎಂದು ನಾನು ಬರೆಯಲು ಹೊರಟರೆ ಕೆನ್ನಿ ಅಡ್ಡ ಬರುತ್ತಾರೆ, ಬರಲಿ. ಬೆಂಕಿಯಂಥ ಬಿಸಿಲು, ಮಡಚುವ ಕುರ್ಚಿ, ಐಸ್ ತುಂಬಿದ ಡಬ್ಬಗಳು, ಕೆಂಪು ಧೂಳು. ಅರ್ಧ ಜನ ನನ್ನ ಹಾಗೆ ಹೊರಗಿನವರು. ಉಳಿದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವವರು.

ಸೆಡ್ರಿಕ್ ಒಬ್ಬರೇ ಬಂದು ಕೂತು ಮರದ ಗಿಟಾರ್ ಎತ್ತಿಕೊಂಡರು. ಜೊತೆಗೆ ಯಾರೂ ಇಲ್ಲ. ನಾನು ಕೈ ನೋಡುವುದು ಬಿಟ್ಟು ಕಾಲು ನೋಡಿದೆ. ಬಲಗಾಲಿನ ಹಿಮ್ಮಡಿ ನೆಲ ಬಿಡದೆ, ಮುಂಗಾಲು ಡ್ರಮ್ಮಿನ ಪೆಡಲ್ ಒತ್ತುವ ಹಾಗೆ ಆಡುತ್ತಿತ್ತು. ಕತ್ತು ಪ್ರತಿ ಎರಡನೇ ಪೆಟ್ಟಿಗೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಎಷ್ಟೋ ಗಿಟಾರಿಗರು ಹಾಡುವಾಗ ಕೈ ತೆಳುವಾಗುತ್ತದೆ, ಬಾಯಿಗೆ ಗಮನ ಹೋಗುತ್ತದೆ. ಇವರ ಹೆಬ್ಬೆರಳು ಬಾಯಿಗೆ ಸಂಬಂಧವೇ ಇಲ್ಲದಂತೆ ತನ್ನ ದಾರಿಯಲ್ಲಿ ನಡೆಯುತ್ತಿತ್ತು. ಅಜ್ಜನ ಒಂದು ಹಾಡು ಎತ್ತಿಕೊಂಡರು. ಸೊಲ್ಲು ಮುಗಿಯಬೇಕಾದ ಕಡೆ ಮುಗಿಯಲಿಲ್ಲ, ಎರಡು ಪೆಟ್ಟು ಮುಂದೆ ಹೋಯಿತು. ಪೋರ್ಟ್‌ಲ್ಯಾಂಡ್ ಧ್ವನಿಮುದ್ರಣದಲ್ಲಿ ನನ್ನ ಬೆರಳು ತಪ್ಪುತ್ತಿದ್ದದ್ದು ಇಂಥ ಕಡೆಯೇ. ಅವತ್ತು ನಾನು ಎಣಿಸುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಎಪ್ಪತ್ತು ದಾಟಿದ ಸ್ಥಳೀಯ ಹೆಂಗಸೊಬ್ಬರು ಕಣ್ಣು ಮುಚ್ಚಿ ತೊಡೆ ತಟ್ಟುತ್ತಿದ್ದರು. ಅವರ ಕೈ ಆ ಎರಡು ಪೆಟ್ಟು ಗಾಳಿಯಲ್ಲೇ ಕಾದು ಸರಿಯಾದ ಹೊತ್ತಿಗೆ ಇಳಿಯಿತು.

ಇಷ್ಟೆಲ್ಲ ಆದರೂ, ಅಜ್ಜನ ಹಾಡುಗಳನ್ನೇ ಹಾಡಿಕೊಂಡಿದ್ದರೆ ನನಗೆ ಸೆಡ್ರಿಕ್ ಮೇಲೆ ಇಷ್ಟು ಪ್ರೀತಿ ಬರುತ್ತಿರಲಿಲ್ಲ. ಹಳೆಯ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿ ಟಿಕೆಟ್ ಕೊಡುವುದು ಸುಲಭ, ಕೊಳ್ಳುವವರೂ ಇದ್ದರು. ಬ್ಲೂಸ್ ಕೇಳಲು ಬರುವ ಹೊರಗಿನವರಿಗೆ ಗುಡ್ಡಗಾಡಿನವರೆಂದರೆ ಮದ್ಯ, ಬಂದೂಕು, ಒರಟುತನ. ತೊಂಬತ್ತರ ದಶಕದಲ್ಲಿ ಈ ಸಂಗೀತವನ್ನು ಮಾರಿದ್ದೂ ಬಹುಪಾಲು ಆ ಚಿತ್ರವನ್ನು ಮುಂದಿಟ್ಟುಕೊಂಡೇ. ಅದು ನನಗೆ ಯಾವತ್ತೂ ಸರಿಕಂಡಿಲ್ಲ. ತಂದೆಯನ್ನೂ ಸಹೋದರರನ್ನೂ ಕಳೆದುಕೊಂಡ ಒಬ್ಬ ಮನುಷ್ಯನ ಬದುಕನ್ನು ರೋಚಕ ಕಥೆ ಮಾಡಿದಂತಾಯಿತು. ಸೆಡ್ರಿಕ್ ಅದಕ್ಕೆ ಮಾತಿನಲ್ಲಿ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ಹೊಸ ಹಾಡುಗಳನ್ನು ಬರೆದರು. 2018ರ ಆಲ್ಬಂನಲ್ಲಿ ಬಡತನದಲ್ಲಿ ಕಳೆದ ಬಾಲ್ಯದ ಹಾಡಿದೆ. ತಮ್ಮನನ್ನು, ಅಪ್ಪನನ್ನು ಕಳೆದುಕೊಂಡ ಮನೆಯ ದುಃಖವಿದೆ. ಬೊಬ್ಬೆಯಿಲ್ಲ. ಅದೇ ನಿಂತ ನಾದ, ಅದೇ ಸುತ್ತುವ ನುಡಿ, ಅದರೊಳಗೆ ತಾನು ಒಳ್ಳೆಯವನಾಗಲು ಒದ್ದಾಡುತ್ತಿರುವ ಒಬ್ಬ ನಡುವಯಸ್ಸಿನ ಗೃಹಸ್ಥ.

ಗ್ರ್ಯಾಮಿ ತಂದುಕೊಟ್ಟ ಆಲ್ಬಂನ ಹೆಸರೇ ‘ಐ ಬಿ ಟ್ರೈಯಿಂಗ್’, ಪ್ರಯತ್ನ ಮಾಡ್ತಾನೇ ಇದ್ದೀನಿ ಅನ್ನುವ ಅರ್ಥ. 2021ರಲ್ಲಿ ಬಂತು. ಮುದ್ರಿಸಿದ್ದು ಮೆಂಫಿಸ್‌ನ ರಾಯಲ್ ಸ್ಟುಡಿಯೋದಲ್ಲಿ, ಬೂ ಮಿಚೆಲ್ ಕೈಯಲ್ಲಿ. ಅವರೂ ಅದೇ ಸ್ಟುಡಿಯೋವನ್ನು ಹೆಸರಿಗೆ ತಂದ ವಿಲ್ಲೀ ಮಿಚೆಲ್ ಮನೆಯ ಕುಡಿ. ನಾನು ಇದ್ದ ಮನೆಯಿಂದ ಆ ಸ್ಟುಡಿಯೋಗೆ ಕ್ಷೇಮವಾಗಿ ಸೈಕಲ್ಲಿನಲ್ಲಿ ಹೋಗಬಹುದಿತ್ತು, ಆಗ ಗೊತ್ತಿರಲಿಲ್ಲ.

ಆಲ್ಬಂನ ಹೆಸರಿನ ಹಾಡಿನಲ್ಲಿ ಸೆಡ್ರಿಕ್‌ರ ದನಿಯ ಹಿಂದೆ ಇನ್ನೊಂದು ಎಳೆಯ ದನಿ ಇದೆ. ಅವರ ಕಿರಿಯ ಮಗಳದು. ಮೊದಲ ಸಲ ಕೇಳಿದಾಗ ಗಮನಿಸಿರಲಿಲ್ಲ, ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡಾಗ ಕೇಳಿತು. ಈಗ ಆ ಹಾಡು ಹಾಕಿದಾಗಲೆಲ್ಲ ಗಿಟಾರನ್ನೂ ಡ್ರಮ್ಮನ್ನೂ ಅವುಗಳ ಪಾಡಿಗೆ ಬಿಟ್ಟು, ಅಪ್ಪ ಸೊಲ್ಲು ಎಳೆಯುವಾಗ ಆ ಹುಡುಗಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ಕಿವಿಗೊಟ್ಟು ಕೂರುತ್ತೇನೆ.